ಕಾರು ಎತ್ತುವ ಮೊದಲು ಕಲ್ಲು ತಟ್ಟಿದ್ದು

ಯುಗಾದಿಗೆ ಎಂಟು ದಿನ ಉಳಿದಿರುವಾಗ ನನ್ನ ಹೆಂಡತಿಯ ತಮ್ಮನು ಲಕ್ಷ್ಮೇಶ್ವರದಿಂದ ತನ್ನ ತಗ್ಗು ಕಾರನ್ನು ಬೆಟಗೇರಿಯ ನಮ್ಮ ಮನೆಯ ಹಿತ್ತಲಿಗೆ ತಂದು, ಅದರ ಆಯಿಲನ್ನು ತನ್ನ ಕೈಯಾರೆ ಬದಲಿಸಿಕೊಂಡು ಹೋಗುವುದು ಆರು ವರ್ಷ ನಡೆದುಬಂದ ಪದ್ಧತಿಯಾಗಿತ್ತು. ಈಗ ಅದು ನಿಂತಿದೆ. ನಿಂತದ್ದಕ್ಕೆ ಕಾರಣ ನಾನು. ದಿನವೂ ದೇವರ ಮುಂದೆ ಕುಳಿತು ಒಪ್ಪಿಕೊಳ್ಳುವುದನ್ನೇ ಕಾಗದದ ಮೇಲೆ ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲವೆಂದು ಬರೆಯಲು ಕುಳಿತ ಮೇಲೆ ತಿಳಿಯುತ್ತಿದೆ. ದೇವರು ಅರ್ಧ ಮಾತಿಗೇ ಅರಿತುಕೊಳ್ಳುತ್ತಾನೆ. ಕಾಗದಕ್ಕೆ ಎಲ್ಲವನ್ನೂ ಹೇಳಬೇಕು.

ನಾನು ಮುಂಡರಗಿಯ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ನಿವೃತ್ತಿಯ ನಂತರ ಬೆಟಗೇರಿಯಲ್ಲಿ ಈ ಹಳೆಯ ಮನೆಯನ್ನು ಕೊಂಡು ನಾವಿಬ್ಬರೂ ಬಂದೆವು. ಮಕ್ಕಳಾಗಲಿಲ್ಲ. ಬಂದ ಮೂರನೆಯ ವರ್ಷಕ್ಕೆ ಅವಳು ತೀರಿಕೊಂಡಳು. ಅವಳಿರುವತನಕ ಅವಳ ತಮ್ಮನು ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ಬರುತ್ತಿದ್ದ, ದೀಪಾವಳಿಗೆ ಬರುತ್ತಿದ್ದ, ಹೊಸ ಶೇಂಗಾ ಬಂದಾಗ ಒಂದು ಚೀಲ ಇಳಿಸಿ ಹೋಗಲು ಬರುತ್ತಿದ್ದ. ಲಕ್ಷ್ಮೇಶ್ವರದ ಪೇಟೆಯಲ್ಲಿ ಅವನದು ಶೇಂಗಾ ವ್ಯಾಪಾರ. ಅಕ್ಕನ ವರ್ಷಾಂತಿಕ ಮುಗಿದ ಮೇಲೆ ಅವನಿಗೆ ಈ ಮನೆಗೆ ಬರುವ ನಿಮಿತ್ತವೇ ಉಳಿಯಲಿಲ್ಲ. ಅದಕ್ಕಾಗಿ ನಾನು ಅವನನ್ನು ದೂರಿದವನಲ್ಲ. ಅಕ್ಕನಿಲ್ಲದ ಅಕ್ಕನ ಮನೆಗೆ ಏನೆಂದು ಬರಬೇಕು? ಪಂಚಮಿಯ ಉಂಡಿಯನ್ನು ಯಾರಿಗೆಂದು ತರಬೇಕು?

ಆ ಕಾರಿನ ವಿಷಯ. ಅದು ಎರಡೇ ಬಾಗಿಲಿನ, ಇಬ್ಬರೇ ಕೂಡಬಹುದಾದ, ಕಡುನೀಲಿ ಬಣ್ಣದ ಪರದೇಶದ ಗಾಡಿ. ಐವತ್ತು ದಾಟಿದ ಮೇಲೆ ಯಾರದೋ ಕೈಯಿಂದ ಕೊಂಡು ತಂದಿದ್ದ. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಗೇಣು ಕೂಡ ಜಾಗವಿಲ್ಲ. ರಸ್ತೆಯ ಉಬ್ಬು ಬಂದರೆ ನೇರವಾಗಿ ಹತ್ತಿಸುವಂತಿಲ್ಲ, ಅಡ್ಡಡ್ಡ ತಿರುಗಿಸಿ ಒಂದೊಂದೇ ಗಾಲಿಯನ್ನು ದಾಟಿಸಬೇಕು. ಶೇಂಗಾ ಚೀಲಗಳ ನಡುವೆ ಬೆಳೆದವನಿಗೆ ಇದೆಂಥ ಹುಚ್ಚು ಎಂದು ಲಕ್ಷ್ಮೇಶ್ವರವೆಲ್ಲ ನಕ್ಕಿತ್ತು. ನನ್ನ ಹೆಂಡತಿ ಒಮ್ಮೆ ಅದರಲ್ಲಿ ಕುಳಿತಿದ್ದಳು. ಗದಗಿನವರೆಗೆ ಹೋಗಿ ಬಂದು, ಇಳಿಯಲಾಗದೆ ಎರಡೂ ಕೈಗಳನ್ನು ತಮ್ಮನಿಗೆ ಕೊಟ್ಟು, "ಪಂಕ್ತಿಗೆ ನೆಲದ ಮ್ಯಾಲ ಕುಂತಂಗ ಆತಲೋ! ಎಲಿ ಒಂದು ಹಾಕಿದ್ರ ಊಟಾನ ಮಾಡಬಹುದಿತ್ತು" ಎಂದು ನಕ್ಕಿದ್ದಳು.

ಅವಳು ಹೋದ ಎರಡನೆಯ ವರ್ಷ, ಯುಗಾದಿಯ ಮುಂಚೆ, ಅವನು ಅನಿರೀಕ್ಷಿತವಾಗಿ ಬಂದ. ಮುಖ ಸಪ್ಪಗಿತ್ತು. ಯಾವುದೋ ಗ್ಯಾರೇಜಿನಲ್ಲಿ ಎಲ್ಲ ಗಾಡಿಗಳಿಗೆ ಇಟ್ಟಂತೆ ಇದಕ್ಕೂ ಕಂಡಲ್ಲಿ ಜ್ಯಾಕ್ ಇಟ್ಟು ಎತ್ತಿ, ಬಾಗಿಲ ಕೆಳಗಿನ ತಗಡನ್ನು ಬಗ್ಗಿಸಿಬಿಟ್ಟಿದ್ದರು. ಇನ್ನು ಮುಂದೆ ಆಯಿಲ್ ತಾನೇ ಬದಲಿಸುವುದೆಂದು ನಿಶ್ಚಯಿಸಿದ್ದ. ಆದರೆ ಅವನ ಮನೆ ಇರುವುದು ಇಳಿಜಾರಿನ ಓಣಿಯಲ್ಲಿ. ಗಾಡಿಯನ್ನು ಎತ್ತಲು ಸಮನಾದ ಗಟ್ಟಿ ನೆಲ ಬೇಕು. ನಮ್ಮ ಹಿತ್ತಲಿಗೆ ಹಿಂದಿನ ಓಣಿಯಿಂದ ಗಾಡಿ ಬರುವಷ್ಟು ಅಗಲದ ಬಾಗಿಲಿದೆ, ತುಳಸಿಕಟ್ಟೆಗೂ ಬಚ್ಚಲಮನೆಗೂ ನಡುವೆ ಫರಸಿ ಕಲ್ಲು ಹಾಸಿದೆ. ಉಳಿದದ್ದು ಬರಿಯ ಎರೆಮಣ್ಣು. ಅವನು ಆ ಕಲ್ಲುಗಳ ಮೇಲೆ ನಿಂತು ಸುತ್ತಲೂ ನೋಡಿ, "ಮಾಮಾ, ಇಲ್ಲಿ ಮಾಡಿದ್ರ ನಿಮಗೇನರ ತ್ರಾಸೇನ್ರಿ?" ಎಂದು ಕೇಳಿದ. ಅಕ್ಕನ ಗಂಡನನ್ನು ಮಾಮಾ ಎನ್ನುವುದು ಅವರ ಮನೆತನದ ರೂಢಿ.

ತ್ರಾಸೇ? ಒಂದು ವರ್ಷದಿಂದ ಆ ಹಿತ್ತಲಿನಲ್ಲಿ ನನ್ನ ಹೆಜ್ಜೆಯ ಸಪ್ಪಳವಲ್ಲದೆ ಬೇರೆ ಸಪ್ಪಳವಿರಲಿಲ್ಲ.

ತಗ್ಗು ಗಾಡಿಯನ್ನು ಎತ್ತುವುದು ಒಂದು ಪ್ರಯೋಗವೇ ಸರಿ. ಪೂಜೆಯಲ್ಲಿ ಆವಾಹನೆಗಿಂತ ಮೊದಲು ನೈವೇದ್ಯ ಮಾಡಲಾಗದಂತೆ ಇದರಲ್ಲಿಯೂ ಯಾವುದರ ಹಿಂದೆ ಯಾವುದೆಂಬ ಕ್ರಮ ತಪ್ಪುವಂತಿಲ್ಲ. ಜ್ಯಾಕ್ ನೇರವಾಗಿ ಅದರ ಕೆಳಗೆ ನುಸುಳಲಾರದು. ಆದ್ದರಿಂದ ಮೊದಲು ತುದಿಯನ್ನು ಇಳಿಜಾರಾಗಿ ಕೆತ್ತಿದ ಎರಡು ಬೇವಿನ ಹಲಗೆಗಳ ಮೇಲೆ ಮುಂದಿನ ಗಾಲಿಗಳನ್ನು ನಿಧಾನವಾಗಿ ಹತ್ತಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಕಟ್ಟಿಗೆಯ ತುಂಡುಗಳನ್ನು ಒತ್ತಿ ಇಡಬೇಕು. ಆಮೇಲೆ ಚಪ್ಪಟೆಯಾದ ಜ್ಯಾಕನ್ನು ಒಳಗೆ ಸರಿಸಿ, ಭಾರ ತಡೆಯಲೆಂದೇ ಮಾಡಿದ ಜಾಗಕ್ಕೆ, ನಡುವೆ ರಬ್ಬರಿನ ಬಿಲ್ಲೆಯನ್ನಿಟ್ಟು, ಎತ್ತಬೇಕು. ಎತ್ತಿದ ಮೇಲೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಜ್ಯಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಬರಿಯ ಜ್ಯಾಕನ್ನು ನಂಬಿ ಕೆಳಗೆ ಹೋಗುವವನು ತನ್ನ ಪ್ರಾಣವನ್ನು ಜ್ಯಾಕಿನ ಒಳಗಿನ ಒಂದು ರಬ್ಬರಿನ ಉಂಗುರಕ್ಕೆ ಒಪ್ಪಿಸಿದಂತೆ, ಎಂದು ಅವನು ಹೇಳುತ್ತಿದ್ದ. ಕೊನೆಗೆ ಗಾಡಿಯನ್ನು ಎರಡೂ ಕೈಗಳಿಂದ ಬಲವಾಗಿ ಅಲುಗಿಸಿ ನೋಡಬೇಕು. ಅಲುಗದಿದ್ದರೆ ಮಾತ್ರ ಕೆಳಗೆ.

ಮತ್ತೊಂದು ನಿಯಮ ಅವನದೇ: ಒಬ್ಬನೇ ಇರುವಾಗ ಕೆಳಗೆ ಹೋಗುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲೇಬೇಕು. ಆ ಇನ್ನೊಬ್ಬನು ನಾನು.

ಮೊದಲ ವರ್ಷ ಏನೂ ಮಾಡದೆ ನಿಲ್ಲುವುದು ಸಂಕೋಚವೆನಿಸಿತು. ಎರಡನೆಯ ವರ್ಷಕ್ಕೆ ನಾನು ಕ್ರಮವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದನ್ನೇ ಓದತೊಡಗಿದೆ. ನಾನು ಓದುವುದು, ಅವನು ಮಾಡಿ "ಆತು" ಎನ್ನುವುದು.

"ಮಾಮಾ, ನೀವು ಸತ್ಯನಾರಾಯಣ ಪೂಜಾ ಹೇಳಿಸಿಧಂಗ ಹೇಳಸ್ತೀರಿ. ಕಡೀಕ ಪ್ರಸಾದ ಐತೇನು?"

"ಐತಿ. ಕೈ ತೊಳಕೊಂಡು ಬಾ, ಸಜ್ಜಗಿ ಮಾಡೀನಿ."

"ಆಯಿಲ್ ವಾಸನಿ ಹೋಗೂದಿಲ್ರಿ, ಹಂಗ ಕೊಡ್ರಿ."

ಆ ಹಾಳೆಗೆ ನಾನು ನನ್ನದೊಂದು ವಿಧಿಯನ್ನೂ ಸೇರಿಸಿದ್ದೆ. ನಮ್ಮ ಸೀಮೆಯದು ಎರೆನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕುರ್ತಕೋಟಿಯ ಹೊಲಗಳಲ್ಲಿ ಚೈತ್ರದ ಹೊತ್ತಿಗೆ ಬಿರುಕಿನಲ್ಲಿ ಕೈ ಇಳಿಯುವುದನ್ನು ನಾನು ಕಂಡಿದ್ದೇನೆ. ಮೇಲೆ ಹಾಸಿದ ಕಲ್ಲು ಸಮನಾಗಿಯೇ ಕಾಣುತ್ತದೆ, ಕೆಳಗಿನ ಮಣ್ಣು ಅದನ್ನು ಬಿಟ್ಟು ಇಳಿದಿರುತ್ತದೆ. ಸ್ಟ್ಯಾಂಡಿನ ಸಣ್ಣ ಕಾಲಿನ ಮೇಲೆ ಗಾಡಿಯ ಭಾರ ಬಿದ್ದರೆ ಅಂಥ ಕಲ್ಲು ತಡೆಯಲಾರದು. ಆದ್ದರಿಂದ ಜ್ಯಾಕ್ ಮತ್ತು ಸ್ಟ್ಯಾಂಡ್ ನಿಲ್ಲುವ ಕಲ್ಲುಗಳನ್ನು ಮೊದಲು ಕಬ್ಬಿಣದ ಹಾರೆಯಿಂದ ತಟ್ಟಿ ನೋಡಬೇಕೆಂದು ಬರೆದುಕೊಂಡೆ. ಎಳವೆಯಲ್ಲಿ ಪಾಠಶಾಲೆಯಲ್ಲಿ ವೇದದ ಸ್ವರ ಕಲಿತ ಕಿವಿ ನನ್ನದು; ಏರಿಳಿತದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಗುರುಗಳ ಕೈಯ ಪೆಟ್ಟು ಬೀಳುತ್ತಿತ್ತು. ಗಟ್ಟಿ ನೆಲದ ಮೇಲಿನ ಕಲ್ಲು ಮೊಟಕಾಗಿ ನುಡಿಯುತ್ತದೆ, ದನಿ ಹುಟ್ಟಿದಲ್ಲಿಯೇ ಮುಗಿಯುತ್ತದೆ. ಟೊಳ್ಳಿನ ಮೇಲಿನ ಕಲ್ಲು ಬಿಂದಿಗೆಯಂತೆ ಒಳಗಿನಿಂದ ಮರುನುಡಿಯುತ್ತದೆ.

"ಕಲ್ಲಿಗೂ ಪರೀಕ್ಷಾ ತಗೋಳೂದು ಬಿಡಲಿಲ್ಲಲ್ರಿ ಮಾಸ್ತರು" ಎಂದು ನಗುತ್ತಿದ್ದ. "ಪಾಸೋ ನಪಾಸೋ?"

"ಪಾಸ್."

"ಹಂಗಾದ್ರ ಮುಂದಿನ ಇಯತ್ತಾ."

ನಾನು ಹೀಗೆಲ್ಲ ವಿವರಿಸುವುದರಿಂದ ನನಗೆ ಆ ಕಾರಿನ ಮೇಲೆ ಪ್ರೀತಿಯಿತ್ತೆಂದು ತಿಳಿಯಬಾರದು. ನಾನು ಕಾಯುತ್ತಿದ್ದುದು ಒಂದು ತಾಸಿಗಾಗಿ. ಲಕ್ಷ್ಮೇಶ್ವರದಿಂದ ಓಡಿಬಂದ ಎಂಜಿನ್ ಕುದಿಯುತ್ತಿರುತ್ತದೆ, ಕೂಡಲೇ ಆಯಿಲ್ ಇಳಿಸಿದರೆ ಕೈ ಸುಡುತ್ತದೆ. ಪೂರ್ತಿ ಆರಿದರೂ ಎಣ್ಣೆ ಸಲೀಸಾಗಿ ಇಳಿಯದು. ಬೆಚ್ಚಗಾಗುವತನಕ ಕಾಯಬೇಕು. ಆ ಒಂದು ತಾಸು ಅವನು ತುಳಸಿಕಟ್ಟೆಯ ಅಂಚಿಗೆ ಕುಳಿತು ಚಹಾ ಕುಡಿಯುತ್ತ ಮಾತಾಡುತ್ತಿದ್ದ. ಶೇಂಗಾದ ಧಾರಣೆ, ಶಿರಹಟ್ಟಿಯ ಬೀಗರ ಮನೆಯ ಮದುವೆ, ಚಿಕ್ಕಂದಿನಲ್ಲಿ ಅವನಪ್ಪ ಅಕ್ಕನಿಗೆ ಹೇಳದೆ ಇವನಿಗೆ ಮಾತ್ರ ಪೇಢೆ ತರುತ್ತಿದ್ದದ್ದು, ಅಕ್ಕ ಅದನ್ನು ಹುಡುಕಿ ತಿಂದು ಖಾಲಿ ಪುಡಿಕೆಯನ್ನು ಮೊದಲಿನಂತೆಯೇ ಕಟ್ಟಿಡುತ್ತಿದ್ದದ್ದು. ನಲವತ್ತು ವರ್ಷ ಅವಳೊಂದಿಗೆ ಬಾಳಿದವನಿಗೆ ಆ ಪೇಢೆಯ ಸಂಗತಿ ಗೊತ್ತಿರಲಿಲ್ಲ. ಅವಳ ಬಗ್ಗೆ ಹೊಸದಾಗಿ ಏನನ್ನಾದರೂ ಹೇಳಬಲ್ಲವನು ಈ ಭೂಮಿಯ ಮೇಲೆ ಅವನೊಬ್ಬನೇ ಉಳಿದಿದ್ದ. ವರ್ಷಕ್ಕೆ ಒಂದು ತಾಸು. ಅದು ಮುಗಿದ ಮೇಲೆ ಅವನು ಬಾನೆಟ್ ಮುಟ್ಟಿ ನೋಡಿ, "ಆರೇತ್ರಿ, ಸುರು ಮಾಡೂಣು" ಎನ್ನುತ್ತಿದ್ದ. ಆ ಮಾತು ಇನ್ನೂ ಸ್ವಲ್ಪ ತಡವಾಗಿ ಬರಲೆಂದು ನಾನು ಒಮ್ಮೊಮ್ಮೆ ಬೇಕೆಂದೇ ಚಹಾ ತಡಮಾಡಿ ತಂದದ್ದುಂಟು.

ಐದನೆಯ ವರ್ಷ ಎಡಗಡೆಯ ಸ್ಟ್ಯಾಂಡ್ ನಿಲ್ಲುವ ಕಲ್ಲು ಮರುನುಡಿಯಿತು.

ಮತ್ತೊಮ್ಮೆ ತಟ್ಟಿದೆ. ಸಂದೇಹವಿರಲಿಲ್ಲ. ಅವನು ಆಚೆಗೆ ಹಲಗೆಗಳನ್ನು ಹೊಂದಿಸುತ್ತ ಬೆನ್ನು ತಿರುಗಿಸಿ ಕುಳಿತಿದ್ದ. ನಮ್ಮ ಹಿತ್ತಲಿನಲ್ಲಿ ಬೇರೆ ಜಾಗವಿಲ್ಲ. ಈ ಕಲ್ಲು ನಪಾಸಾದರೆ ಗಾಡಿಗೆ ಇಲ್ಲಿ ಕೆಲಸವಿಲ್ಲ, ಗಾಡಿಗೆ ಕೆಲಸವಿಲ್ಲದಿದ್ದರೆ ಅವನಿಗೂ ಇಲ್ಲ. ಇಷ್ಟೆಲ್ಲ ಆ ಕ್ಷಣದಲ್ಲಿ ಯೋಚಿಸಿದೆನೆಂದು ಹೇಳಿದರೆ ಸುಳ್ಳಾದೀತು, ಯೋಚಿಸಲಿಲ್ಲವೆಂದರೂ ಸುಳ್ಳೇ. "ಆತೇನ್ರಿ ಮಾಮಾ?" ಎಂದ. "ಆತು" ಎಂದೆ. ಅವನು ಕೆಳಗೆ ಹೋದ. ಅರ್ಧ ತಾಸು ಅವನ ಎರಡು ಪಾದಗಳನ್ನು ನೋಡುತ್ತ ನಿಂತು ನಾನು ಮನಸ್ಸಿನಲ್ಲಿ ಸಹಸ್ರನಾಮವನ್ನು ಹೇಳಿಕೊಂಡೆ. ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ಭಗವಂತನ ಹೆಸರನ್ನು ನಾನು ಎಂದೂ ಬಳಸಿಕೊಂಡಿರಲಿಲ್ಲ. ಏನೂ ಆಗಲಿಲ್ಲ. ಅವನು ಹೊರಗೆ ಬಂದ, ಕೈ ತೊಳೆದ, ಸಜ್ಜಿಗೆ ತಿಂದ, ಹೋದ. ನನ್ನ ಕಿವಿಗೆ ವಯಸ್ಸಾಗಿದೆ, ತಪ್ಪಾಗಿ ಕೇಳಿಸಿರಬೇಕು ಎಂದು ಆ ವರ್ಷವೆಲ್ಲ ನನಗೆ ನಾನೇ ಹೇಳಿಕೊಂಡೆ. ಸರಿಪಡಿಸಲು ಕಲ್ಲನ್ನು ಎಬ್ಬಿಸಬೇಕಿತ್ತು, ಎಬ್ಬಿಸಿದರೆ ಕೇಳಿಸಿದ್ದು ನಿಜವೆಂದು ಒಪ್ಪಿಕೊಂಡಂತಾಗುತ್ತಿತ್ತು. ಎಬ್ಬಿಸಲಿಲ್ಲ.

ಆರನೆಯ ವರ್ಷ ಅವನು ಬಂದವನೇ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡ.

"ಹುಬ್ಬಳ್ಳ್ಯಾಗ ಹೊಸಾದೊಂದು ಗ್ಯಾರೇಜ್ ಆಗೇತ್ರಿ ಮಾಮಾ. ಇಂಥಾ ತಗ್ಗು ಗಾಡಿನ ಸಹಿತ ತೆಕ್ಕಿ ಬಡದು ಎತ್ತಿಧಂಗ ಎತ್ತತಾರ. ತೆಲಿ ಮ್ಯಾಲ ಗಾಡಿ, ಕೆಳಗ ನಾವು ನಿಂತು ನೋಡೂದು. ಮಲಗೂದಿಲ್ಲ, ಮೈ ಹೊಲಸಾಗೂದಿಲ್ಲ."

"ಹಂಗಾದ್ರ ಅಲ್ಲೇ ಬಿಡಬೇಕಾಗಿತ್ತು."

"ಬಿಡಬೇಕಂತ ಮಾಡಿದ್ದೆ. ಆದ್ರ ನೀವು ದಾರಿ ಕಾಯ್ತಿರ್ತೀರಿ. ಎಲ್ಲಾ ಛಲೋ ಇರೂತನಕ ಇಲ್ಲೇ ನಡೀಲಿ ಅಂದೆ."

ಎಲ್ಲವೂ ಚೆನ್ನಾಗಿರುವತನಕ. ಆ ತಾಸು ಅವನು ಏನೇನು ಹೇಳಿದನೋ ನನಗೆ ನೆನಪಿಲ್ಲ. ಎಂಜಿನ್ ಆರುವುದನ್ನೇ ಕೇಳುತ್ತ ಕುಳಿತಿದ್ದೆ, ಬಿಸಿ ಲೋಹ ತಣಿಯುವಾಗ ಟಿಕ್ ಟಿಕ್ ಎನ್ನುತ್ತದೆ. ಆಮೇಲೆ ಹಾರೆಯನ್ನು ತೆಗೆದುಕೊಂಡು ಹೋದೆ. ಬಲಗಡೆಯ ಕಲ್ಲು ಸರಿಯಾಗಿತ್ತು. ನಡುವೆ ಜ್ಯಾಕ್ ನಿಲ್ಲುವ ಕಲ್ಲು ಸರಿಯಾಗಿತ್ತು. ಎಡಗಡೆಯದು, ಮೆಲ್ಲಗೆ ತಟ್ಟಿದರೂ, ದೊಡ್ಡ ಹರವಿಯ ಬಾಯಿಗೆ ಮುಖವಿಟ್ಟು ಮಾತಾಡಿದಂತೆ ಉತ್ತರ ಕೊಟ್ಟಿತು.

"ಪಾಸೋ ನಪಾಸೋ?"

"ಪಾಸ್" ಎಂದೆ.

ಹಲಗೆಗಳ ಮೇಲೆ ಗಾಲಿಗಳು ಹತ್ತಿದವು. ನಾನು ಓದಿದೆ, ಅವನು ಮಾಡಿದ. ಜ್ಯಾಕ್ ಏರಿತು, ಸ್ಟ್ಯಾಂಡ್‌ಗಳು ನಿಂತವು, ಭಾರ ಅವುಗಳ ಮೇಲೆ ಇಳಿಯಿತು. ಅವನು ಗಾಡಿಯನ್ನು ಅಲುಗಿಸಿದ. ಅಲುಗಲಿಲ್ಲ. ಗೋಣಿತಟ್ಟು ಹಾಸಿ, ಪಾನಾ ಹಿಡಿದುಕೊಂಡು, ಬೆನ್ನ ಮೇಲೆ ಜಾರುತ್ತ ಒಳಗೆ ಹೋದ. ತಲೆ ಹೋಯಿತು, ಎದೆ ಹೋಯಿತು, ಮೊಣಕಾಲುಗಳು ಮಾತ್ರ ಹೊರಗುಳಿದವು.

ಆಗ ಎಡಗಡೆಯ ಕಲ್ಲಿನ ಸಂದಿಯನ್ನು ನೋಡಿದೆ. ಸಂದಿಗೆ ಮೆತ್ತಿದ್ದ ಹಳೆಯ ಸುಣ್ಣವು ಪುಡಿಪುಡಿಯಾಗಿ, ಜರಡಿಯಿಂದ ಹಿಟ್ಟು ಇಳಿದಂತೆ, ಒಳಗೆ ಇಳಿಯುತ್ತಿತ್ತು. ಸದ್ದಿಲ್ಲದೆ, ನಿಲ್ಲದೆ.

"ಹೊರಗ ಬಾ" ಎಂದೆ.

"ಯಾಕ್ರಿ? ಇನ್ನೂ ನಟ್ಟಿಗೆ ಕೈನೂ ಹಚ್ಚಿಲ್ಲ."

"ಮೊದಲ ಬಾ. ಮೆಲ್ಲಕ ಬಾ. ಯಾವುದನ್ನೂ ಹಿಡೀಬ್ಯಾಡ."

ನನ್ನ ದನಿಯಲ್ಲಿ ಏನಿತ್ತೋ, ಅವನು ಮರುಮಾತಾಡದೆ ಜಾರುತ್ತ ಹೊರಬಂದು ಎದ್ದು ನಿಂತ. ಬೆನ್ನಿಗೆ ಧೂಳು ಮೆತ್ತಿತ್ತು. ಅಳುಕುತ್ತಲೇ ಹೇಳಿದೆ: "ಆ ಕಲ್ಲು ಟೊಳ್ಳು ಐತಿ."

ಅವನು ನನ್ನನ್ನೂ ಕಲ್ಲನ್ನೂ ನೋಡಿದ. ಅವನ ಕಿವಿಗೆ ಆ ಭೇದ ತಿಳಿಯದು, ಅದಕ್ಕಾಗಿ ಹಾರೆ ಮುಟ್ಟಲಿಲ್ಲ. ತುಳಸಿಗೆಂದು ಇಟ್ಟಿದ್ದ ತಂಬಿಗೆಯ ನೀರನ್ನು ತಂದು ಸಂದಿಯಲ್ಲಿ ಸುರಿದ. ನೀರು ಹರಡಲಿಲ್ಲ, ನಿಲ್ಲಲಿಲ್ಲ, ಇಳಿದುಹೋಯಿತು. ಬಚ್ಚಲಿನಿಂದ ಒಂದು ಬಕೆಟ್ ತಂದು ಸುರಿದ. ಅದೂ ಹೋಯಿತು. ಕ್ಷಣ ಬಿಟ್ಟು, ತೀರ ಕೆಳಗಿನಿಂದ, ನೀರು ನೀರಿಗೆ ಬಿದ್ದ ಸಪ್ಪಳ ಕೇಳಿಸಿತು.

"ಯಾವಾಗಿಂದ್ರಿ?" ಎಂದ.

ಅವನು ಕೇಳಿದ್ದು ಕಲ್ಲಿನ ಸಂಗತಿಯನ್ನಷ್ಟೇ ಇರಬಹುದು. ಮಳೆಗಾಲದಲ್ಲಿ ಹೀಗಾಗಿರಬೇಕು ಎಂದಿದ್ದರೆ ನಂಬುತ್ತಿದ್ದ. ಗೊತ್ತಿಲ್ಲವೆಂದರೂ ನಂಬುತ್ತಿದ್ದ. ಆದರೆ ಎರಡು ಬಾರಿ ಸುಳ್ಳು ನುಡಿದ ನಾಲಿಗೆ ಮೂರನೆಯ ಬಾರಿಗೆ ಏಳಲಿಲ್ಲ.

"ಹ್ವಾದ ವರ್ಷ ಕೇಳ್ಸಿತ್ತು. ಈಗ ತಟ್ಟಿದಾಗೂ ಕೇಳ್ಸಿತು."

ಅವನು ಖಾಲಿ ಬಕೆಟನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ, ಯಾರೋ ಮೂರನೆಯವರ ವಿಷಯ ಕೇಳುವವನಂತೆ, "ಹ್ವಾದ ವರ್ಷ ನಾ ಗಾಡಿ ಅಡ್ಯಾಗ ಇದ್ನೆಲ್ರಿ, ಮಾಮಾ" ಎಂದ.

ನೀನು ಬರುವುದನ್ನು ನಿಲ್ಲಿಸುತ್ತೀಯೆಂದು ಹೆದರಿದೆ ಎನ್ನಬಹುದಿತ್ತು. ಆದರೆ ಆ ಕಾರಣವನ್ನು ಅವನ ಎದೆಯ ಮೇಲಿದ್ದ ಅಷ್ಟು ಭಾರದ ಪಕ್ಕಕ್ಕಿಟ್ಟು ನೋಡಿದಾಗ ನನಗೇ ಅದನ್ನು ಬಾಯಿಂದ ಹೊರಡಿಸಲಾಗಲಿಲ್ಲ.

ಗಾಡಿಯನ್ನು ಇಳಿಸುವುದೂ ಅಷ್ಟೇ ಕ್ರಮದ ಕೆಲಸ, ಆದರೆ ತಿರುಗುಮುರುಗಾಗಿ. ಜ್ಯಾಕಿನಿಂದ ಭಾರವನ್ನು ಮತ್ತೆ ಮೇಲೆತ್ತಿ, ಕೈಯನ್ನಷ್ಟೇ ಚಾಚಿ ಸ್ಟ್ಯಾಂಡ್‌ಗಳನ್ನು ಒಂದೊಂದಾಗಿ ಹೊರಗೆಳೆದು, ಒಂದೊಂದು ಬೆರಳಷ್ಟೇ ಇಳಿಸಬೇಕು. ನಾನು ಹಾಳೆ ಓದಲಿಲ್ಲ, ಅವನು ಓದಿಸಿಕೊಳ್ಳಲೂ ಇಲ್ಲ. ಎಲ್ಲವನ್ನೂ ತಾನೇ ಮಾಡಿದ. ಎಡಗಡೆಯ ಸ್ಟ್ಯಾಂಡನ್ನು ತೆಗೆದಾಗ ಅದರ ಮೂರು ಕಾಲುಗಳ ಗುರುತು ಕಲ್ಲಿನ ಮೇಲೆ ಉಳಿದಿತ್ತು, ಅವುಗಳ ನಡುವೆ ಕೂದಲಿನಷ್ಟು ಸಣ್ಣ ಸೀಳು.

ಅಂದು ಅವನು ಉಣ್ಣದೆ ಹೋಗುತ್ತಾನೆಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಕೈಕಾಲು ತೊಳೆದು ಕುಳಿತ, ಬಡಿಸಿದ್ದನ್ನು ಉಂಡ, ಎಲೆಯಲ್ಲಿ ಏನನ್ನೂ ಬಿಡಲಿಲ್ಲ. ಎದ್ದ ಮೇಲೆ ಪದ್ಧತಿಯಂತೆ ದೇವರಿಗೆ ಕೈ ಮುಗಿದು, ಅಕ್ಕನ ಫೋಟೋದ ಮುಂದೆ ನಿಂತು, ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಬರ್ತೀನ್ರಿ" ಎಂದ. ಹಳೆಯ ಆಯಿಲಿನೊಂದಿಗೇ ಗಾಡಿ ಹಿಂದಿನ ಓಣಿಗೆ ಇಳಿದು ಹೋಯಿತು.

ಯುಗಾದಿ ಮುಗಿದ ವಾರ ಗೌಂಡಿಯನ್ನು ಕರೆಸಿ ಕಲ್ಲನ್ನು ಎಬ್ಬಿಸಿದೆ. ಅವನೂ ಅವನ ಜೊತೆಗಾರನೂ ಹಾರೆ ಹಾಕಿ ಕಲ್ಲನ್ನು ಪಕ್ಕಕ್ಕೆ ಹೊರಳಿಸಿದಾಗ ಕೆಳಗೆ ಮಣ್ಣೇ ಇರಲಿಲ್ಲ. ಕಪ್ಪು ಬಾಯಿಯೊಂದು ತೆರೆಯಿತು. ಹಳೆಯ ಹುಲ್ಲಿನ ಮುಗ್ಗು ವಾಸನೆ ಬಂತು. ಗೌಂಡಿ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತು ಇಣುಕಿ, "ಹಗೇವು ಐತ್ರೀ ಅಜ್ಜಾರ" ಎಂದ. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಹುಗಿದಿಡಲು ನಮ್ಮ ಸೀಮೆಯ ಹಿಂದಿನವರು ತೋಡುತ್ತಿದ್ದ ನೆಲಮಾಳಿಗೆ ಅದು: ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಮಗೆ ಮನೆ ಮಾರಿದವರ ಹಿರಿಯರು ಜೋಳದ ವ್ಯಾಪಾರಿಗಳಾಗಿದ್ದರಂತೆ. ಯಾವಾಗಲೋ ಬರಿದಾದ ಮೇಲೆ ಮೇಲಷ್ಟು ಮಣ್ಣು ಮುಚ್ಚಿ ಫರಸಿ ಹಾಸಿದವರು ಮರೆತಿದ್ದಾರೆ, ಮುಚ್ಚಿದ ಮಣ್ಣು ವರ್ಷವರ್ಷವೂ ಒಳಗೆ ಇಳಿದಿದೆ. ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆಂದು ಗೌಂಡಿ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ಒಂದಾಳು ಕೈಯೆತ್ತಿ ನಿಂತರೂ ಮುಳುಗುವಷ್ಟು ಆಳವಿತ್ತು.

ನಾನು ತುಳಸಿಕಟ್ಟೆಯನ್ನು ಹಿಡಿದುಕೊಂಡು ಕುಳಿತುಬಿಟ್ಟೆ. "ಅಜ್ಜಾರ, ಬಿಸಲಾಗ ಯಾಕ ಕುಂತೀರಿ, ಒಳಗ ಹೋಗ್ರಿ" ಎಂದು ಅವರು ಎಬ್ಬಿಸಿ ಕಳಿಸಿದರು.

ಗಟ್ಟಿ ಮೊರಂ ಮಣ್ಣು ತರಿಸಿ, ಪದರ ಪದರವಾಗಿ ದಮ್ಮಸು ಹಾಕಿಸಿ ತುಂಬಿಸಿದೆ. ಹೊಸ ಕಲ್ಲು ಕೂಡಿಸಿದ ಮೇಲೆ ತಟ್ಟಿ ನೋಡಿದೆ. ದನಿ ಹುಟ್ಟಿದಲ್ಲಿಯೇ ಮುಗಿಯಿತು. ಅಂದು ಸಂಜೆ ಅವನಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಹಗೇವಿನ ಆಳವನ್ನೂ ಹೇಳಿದೆ, ಮುಚ್ಚಿಡಲಿಲ್ಲ.

"ಛಲೋ ಆತು ಬಿಡ್ರಿ, ತುಂಬಿಸಿದ್ದು" ಎಂದ. ಆಮೇಲೆ, "ಗಾಡಿ ಹುಬ್ಬಳ್ಳ್ಯಾಗ ಮಾಡಿಸಿದೆ. ಇನ್ ಮ್ಯಾಲ ಅಲ್ಲೇ. ನನಗೂ ವಯಸ್ಸಾತು, ಮಲಗಿ ಏಳೂದು ಆಗವಲ್ದು" ಎಂದ.

"ಹೌದು, ಅಲ್ಲೇ ಛಲೋ" ಎಂದೆ.

ಪಂಚಮಿ ಬಂತು, ದಸರಾ ಬಂತು, ದೀಪಾವಳಿ ಹೋಯಿತು. ಅವನು ಸಿಟ್ಟಿನಿಂದ ಬರಲಿಲ್ಲವೆಂದು ನಾನು ಹೇಳಲಾರೆ. ಬರುವ ಕೆಲಸವಿರಲಿಲ್ಲ, ಬರಲಿಲ್ಲ. ಮನುಷ್ಯರು ಹೆಚ್ಚಾಗಿ ಬದುಕುವುದು ಹಾಗೆಯೇ. ಎರಡು ಬಾರಿ ಫೋನ್ ಬಂತು, ಎರಡು ಬಾರಿಯೂ ಆರೋಗ್ಯ ಕೇಳಿದ. ನಾನು ಬೆಳಿಗ್ಗೆ ಸ್ನಾನ, ಪೂಜೆ, ಒಂದು ಹೊತ್ತು ಪಾರಾಯಣ, ಒಬ್ಬನಿಗಾಗಿ ಅಡುಗೆ, ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಓದು, ಇಷ್ಟರಲ್ಲಿ ದಿನವನ್ನು ಕಳೆದೆ. ಪೂಜೆಯ ಸಂಕಲ್ಪದಲ್ಲಿ ಸಹಕುಟುಂಬಾನಾಂ ಎಂಬ ಮಾತು ಬರುವಲ್ಲಿ ಪ್ರತಿದಿನವೂ ದನಿ ತುಸು ತಗ್ಗುತ್ತಿತ್ತು.

ಈ ವರ್ಷ ಯುಗಾದಿಗೆ ಎಂಟು ದಿನ ಉಳಿದಾಗ, ಬೆಳಿಗ್ಗೆ ಹಿತ್ತಲಿನ ಕಲ್ಲುಗಳನ್ನು ಗುಡಿಸಿದೆ. ಗುಡಿಸಿ ಮುಗಿದ ಮೇಲೆ ಯಾರಿಗಾಗಿ ಗುಡಿಸಿದೆನೆಂಬುದು ಹೊಳೆಯಿತು. ಕಸಬರಿಗೆಯನ್ನು ಗೋಡೆಗೆ ಆನಿಸಿ, ಒಳಗೆ ಹೋಗಿ, ಧೋತರ ಬದಲಿಸಿ, ಬಾಗಿಲಿಗೆ ಕೀಲಿ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅವಳು ಹೋದ ಮೇಲೆ ನಾನು ಆ ಊರಿಗೆ ಒಮ್ಮೆಯೂ ಹೋಗಿರಲಿಲ್ಲವೆಂಬುದು ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು. ಏಳೆಂಟು ವರ್ಷ ಅವನೇ ಬರಲೆಂದು ಕಾದಿದ್ದೆ.

ಅಂಗಡಿಯ ಮುಂದೆ ನನ್ನನ್ನು ಕಂಡವನೇ ಅವನು ಗಾಬರಿಯಾಗಿ ಎದ್ದು ನಿಂತ.

"ಯಾಕ್ರಿ ಮಾಮಾ, ಏನರ ಆತೇನು?"

"ಏನಿಲ್ಲಪಾ."

"ಫೋನ್ ಮಾಡಿದ್ರ ನಾನ ಬರ್ತಿದ್ನೆಲ್ರಿ. ಡಾಕ್ಟರ ಕಡೆ ಏನರ?"

"ಆರಾಮ ಅದೀನಿ."

ಮನೆಗೆ ಕರೆದೊಯ್ದ. ಅವನ ಹೆಂಡತಿ ಅವಸರವಾಗಿ ಹೋಳಿಗೆ ಮಾಡಿ ಬಡಿಸಿದಳು. ಊಟದ ನಡುವೆ ಅವನು ಮತ್ತೆ, "ಮನಿ ಮಾರೂ ವಿಚಾರ ಏನರ ಐತೇನ್ರಿ?" ಎಂದು ಕೇಳಿದ. ಇಲ್ಲವೆಂದೆ. ಅವನು ನಂಬಲಿಲ್ಲ. ಈ ವಯಸ್ಸಿನವನು ಬಿಸಿಲಿನಲ್ಲಿ ಬಸ್ಸು ಹತ್ತಿ ಕಾರಣವಿಲ್ಲದೆ ಬರಲಾರನೆಂದು ಅವನ ಲೆಕ್ಕ. ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಲೇ ಉಂಡ. ಹಿಂದಿನ ಛಾವಣಿಯ ಕೆಳಗೆ ನೀಲಿ ಕಾರು ಬಟ್ಟೆ ಹೊದ್ದು ನಿಂತಿತ್ತು. ಅದರ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಕ್ಕನ ವಿಷಯವೂ ಬರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಬಂದ. ನಾನು ಒಳಗೆ ಕುಳಿತ ಮೇಲೆ ಕೆಳಗೆ ನಿಂತು ಕಿಟಕಿಯ ಸರಳನ್ನು ಹಿಡಿದುಕೊಂಡು, "ಖರೇನ ಏನೂ ಇಲ್ಲೇನ್ರಿ ಮಾಮಾ? ನನ್ನ ಮುಂದ ಹೇಳಾಕ ಸಂಕೋಚ ಮಾಡಬ್ಯಾಡ್ರಿ" ಎಂದ.

"ನಿನ್ನ ನೋಡಾಕ ಬಂದಿದ್ದೆ" ಎಂದೆ.

ಅವನು ತಲೆ ತಗ್ಗಿಸಿದ. ಡ್ರೈವರ್ ಬಂದು ಬಸ್ಸು ಚಾಲೂ ಮಾಡಿ ಹಿಂದಕ್ಕೆ ತೆಗೆಯುವವರೆಗೂ ಸರಳಿನ ಮೇಲಿನ ಕೈಯನ್ನು ತೆಗೆಯಲಿಲ್ಲ.

ಯುಗಾದಿ ಮುಗಿದು ಇಂದಿಗೆ ಹನ್ನೊಂದು ದಿನ. ಅಕ್ಷಯ ತದಿಗೆಯ ಹೊತ್ತಿಗೆ ಮತ್ತೊಮ್ಮೆ ಹೋಗಿಬರಬೇಕೆಂದಿದ್ದೇನೆ. ಅವನು ಬಾ ಎಂದಿಲ್ಲ.